"ಯಜಮಾನ್ರನ್ನ ಕಳ್ಸಿ" ಅಂತೆ

ಮನೆ ಸಾಲ ಕೊಟ್ಟ ಹೌಸಿಂಗ್ ಫೈನಾನ್ಸ್ ಕಂಪನಿ ಆಫೀಸಿಂದ ಬಂದು ಒಂದು ತಾಸಾಯ್ತು, ಮಷೀನ್ ಮುಂದೆ ಕೂತಿದ್ದೇನೆ, ಮಾರಿಜಾತ್ರೆ ಹತ್ರ ಬಂತು, ಬ್ಲೌಸ್ ರಾಶಿ ಬಿದ್ದಿದೆ, ಒಂದು ಹೊಲಿಗೆ ಹಾಕ್ಲಿಕ್ಕೂ ಮನಸ್ಸಿಲ್ಲ. "ಅಮ್ಮಾ, ಇದೆಲ್ಲ ನಿಮಗೆ ತಿಳಿಯೂದಿಲ್ಲ, ಯಜಮಾನ್ರನ್ನ ಕಳ್ಸಿ." ಅಲ್ಲಿಯ ಸಾಹೇಬ್ರು ಹೇಳಿದ್ದು, ಅಷ್ಟು ಜನರ ಎದುರಿಗೆ.

ನಾ ಕೇಳಿದ್ದು ಒಂದೇ ಮಾತು. 2022ರ ಮೇಯಿಂದ ರೆಪೊ, ಅಂದ್ರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, ಏರ್ತಾ ಹೋಗಿ, ಶೇಕಡಾ 4 ಇದ್ದದ್ದು 2023ರ ಫೆಬ್ರವರಿಗೆ 6.50 ಆಯ್ತು, ಆಗೆಲ್ಲ ನಿಮ್ಮ ಮೆಸೇಜ್ ತಪ್ಪದೇ ಬಂತು, ನನ್ನ ಬಡ್ಡಿ 6.9ರಿಂದ 9.4 ಆಯ್ತು. 2025ರಲ್ಲಿ ನಾಲ್ಕು ಸಲ ಇಳಿದು 5.25ಕ್ಕೆ ಬಂತು. ನನ್ನದು ಮಾತ್ರ 9.4ರಲ್ಲೇ ಎಂತಕ್ಕೆ ಕೂತಿದೆ?

ರೆಪೊ ಎಲ್ಲ ಬ್ಯಾಂಕಿನವರಿಗಂತೆ, ಇದು ಹೌಸಿಂಗ್ ಫೈನಾನ್ಸ್, ಇವರೇ ನಿಗದಿ ಮಾಡೋ ಮೂಲ ದರ, ಪಿಎಲ್‌ಆರ್ ಅಂತೆ. ಹಾಗಾದ್ರೆ ಏರಿಸುವಾಗ ಎಂತ ನೋಡಿ ಏರಿಸಿದ್ರಿ? ಇದಕ್ಕೆ ಬಂದ ಉತ್ತರವೇ ಆ ಯಜಮಾನ್ರು.

ರಾತ್ರಿ ಕೂತು ಸ್ಟೇಟ್‌ಮೆಂಟಿಗೆ ಕೆಂಪು ಪೆನ್ನಲ್ಲಿ ಗೆರೆ ಹಾಕ್ಕೊಂಡು ಹೋಗಿದ್ದೆ ಮಾರಾಯ್ರೆ. 2023ರ ಒಂದು ತಿಂಗಳು, ಕಂತು 11,540, ಅದ್ರಲ್ಲಿ ಬಡ್ಡಿಗೆ 11,249, ಅಸಲಿಗೆ ಹೋದದ್ದು 291 ರೂಪಾಯಿ! ಆಮೇಲೆ ಕಂತನ್ನೂ ಏರಿಸಿದ್ರು. ಆ ಹಾಳೆನ ಟೇಬಲ್ ಮೇಲಿಟ್ಟೆ. ಅವರು ತಿರುಗಿಸಿ ಸಹ ನೋಡ್ಲಿಲ್ಲ, ಪೆನ್ನಿನ ತುದಿಯಲ್ಲಿ ನನ್ನ ಕಡೆ ದೂಡಿದ್ರು. ಕೈಯಲ್ಲಿ ಹಿಡಿದು ಕೊಡಬಹುದಿತ್ತಲ್ಲ. ಹಿಂದೆ ಬೆಂಚಲ್ಲಿ ಕೂತಿದ್ದವರೊಬ್ಬರ ಮಗಳ ಮದುವೆ ಬ್ಲೌಸ್ ನಾನೇ ಹೊಲಿದು ಕೊಟ್ಟದ್ದು, ಅವರು ಪಾಪ ತಲೆ ತಗ್ಗಿಸಿ ಮೊಬೈಲ್ ನೋಡ್ತಾ ಕೂತ್ರು. ನಾನು "ಆಯ್ತು ಸರ್" ಅಂದು ಹಾಳೆ ಮಡಚಿಕೊಂಡು ಎದ್ದೆ. ಆಯ್ತು ಸರ್ ಅಂತ ಎಂತಕ್ಕೆ ಅಂದೆ? ಅದೇ ಈಗ ಹೊಟ್ಟೆ ಉರೀತಾ ಇರೋದು.

ಮನೆ ನನ್ನ ಹೆಸರಲ್ಲಿ, ಸಾಲ ನನ್ನ ಹೆಸರಲ್ಲಿ. ನಮ್ಮನೆಯವರು ಬೆಳಿಗ್ಗೆ ಬಸ್ ಹತ್ತಿದ್ರೆ ರಾತ್ರಿ ಬರೋದು, ಕಂತು ಕಟ್ಟುವುದೆಲ್ಲ ನಾನೇ. 2021ರಲ್ಲಿ ಇಲ್ಲಿ ಸಹಿ ಹಾಕಿ, ಇಲ್ಲಿ ಹಾಕಿ ಅಂತ ಬೆರಳಿಟ್ಟು ತೋರಿಸಿದಾಗ ಯಾರೂ ಯಜಮಾನ್ರನ್ನ ಕೇಳ್ಲಿಲ್ಲ.

ಬಡ್ಡಿ ಇಳಿಸ್ಲಿಕ್ಕೆ ಕನ್ವರ್ಷನ್ ಫೀ ಕಟ್ಬೇಕಂತೆ, ಜಿಎಸ್‌ಟಿ ಸೇರಿ ಎಂಟು ಸಾವಿರದ ಮೇಲೆ. ಇಪ್ಪತ್ಮೂರು ಲೈನಿಂಗ್ ಬ್ಲೌಸಿನ ಹೊಲಿಗೆ ಕೂಲಿ ಅದು. ಏರಿಸ್ಲಿಕ್ಕೆ ಫೀ ಇಲ್ಲ, ಇಳಿಸ್ಲಿಕ್ಕೆ ಮಾತ್ರ ಫೀ, ಇದ್ಯಾವ ನ್ಯಾಯ? ಹೋಗ್ಲಿ, ಕಟ್ಟಿಬಿಡ್ತೇನೆ, ಜಗಳ ಆಡ್ಲಿಕ್ಕೆ ಟೈಮ್ ಎಲ್ಲಿದೆ. ಇಲ್ಲ, ಕಟ್ಟೂದಿಲ್ಲ, ಒಂದು ರೂಪಾಯಿನೂ ಇಲ್ಲ.

ಶಿರಸಿಯಲ್ಲಿ ಯಾರಾದ್ರೂ ಸಾಲವನ್ನ ಬ್ಯಾಂಕಿಗೆ ತಿರುಗಿಸ್ಕೊಂಡವರು ಇದ್ರೆ ದಯವಿಟ್ಟು ಹೇಳಿ. ಫ್ಲೋಟಿಂಗ್, ಅಂದ್ರೆ ಬಡ್ಡಿ ಏರಿಳಿಯುವ ಗೃಹಸಾಲ ಮುಂಚೆ ತೀರಿಸಿದ್ರೆ ದಂಡ ಇಲ್ಲ ಅಂತ ನಂಗೂ ಗೊತ್ತು. ಮನೆ ಪತ್ರ ಕೈಗೆ ಬರ್ಲಿಕ್ಕೆ ಎಷ್ಟು ದಿನ, ವಕೀಲರಿಗೆ ಎಷ್ಟು ಕೊಡ್ಬೇಕು, ಅಷ್ಟು ಹೇಳಿ ಸಾಕು. ನಾನೇ ಹೋಗ್ತೇನೆ.