ಟೋಪಿಗೆ ಹಳೆ ಮಿಷನ್ನೇ ಸಾಕು

ದಪ್ಪ ಉಣ್ಣೆ ಫೆಲ್ಟ್ (ಉಣ್ಣೆ ಒತ್ತಿ ಮಾಡಿದ ಬಟ್ಟೆ) ಹೊಲಿಯಲು ಹೊಸ ಮೋಟಾರ್ ಮಿಷನ್ನೇ ಬೇಕು ಅಂತ ಟೋಪಿ ಮಾಡುವ ಬಗೆಗಿನ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ನನ್ನ ಹತ್ತಿರ ಇರುವುದು ಕೈಯಲ್ಲಿ ತಿರುಗಿಸುವ ಹಳೆ ಹೊಲಿಗೆ ಮಿಷನ್, ಸಿಂಗರ್ 66. ಬೆವರು ಹೀರುವ ಒಳಪಟ್ಟಿ ಕೂರಿಸುವಾಗ ಒಂದೊಂದೇ ಹೊಲಿಗೆ ಹಾಕಬೇಕು, ಅಲ್ವಾ? ಚಕ್ರ ನಮ್ಮ ಕೈಯಲ್ಲೇ ಇದ್ದರೆ ಸೂಜಿ ಬೇಕಾದ ಕಡೆ ನಿಲ್ಲುತ್ತದೆ. ಈ ಮಿಷನ್ನಿನಲ್ಲಿ ಟೋಪಿ ತಿರುಗಿಸಲು ಜಾಗ ಸಾಲದು, ಅದು ನಿಜ. ಅದಕ್ಕೇ ಸಿಂಗರ್ 29ಕೆ ಮಿಷನ್ ಸಿಕ್ಕರೆ ಬಿಡಬೇಡಿ. ಶೂ ರಿಪೇರಿಗೆ ಅಂತ ಮಾಡಿದ್ದು. ಬಟ್ಟೆ ಒತ್ತಿ ಹಿಡಿಯುವ ಅದರ ಪಾದ ಸುತ್ತಲೂ ತಿರುಗುತ್ತದೆ, ಬಟ್ಟೆ ಯಾವ ಕಡೆಗೆ ಬೇಕಾದರೂ ಸಾಗುತ್ತದೆ.

ಟೋಪಿಗೆ ಆಕಾರ ಕೊಡುವ ಮರದ ಅಚ್ಚಿನ ಬಗ್ಗೆ ಎರಡೇ ಸಾಲು ಬರೆದಿದ್ದೀರಿ. ಕಷ್ಟ ಇರುವುದೇ ಅಲ್ಲಿ. ಹಲಗೆಗಳನ್ನು ಅಂಟಿಸಿ, 58 ಸೆಂ.ಮೀ. ಸುತ್ತಳತೆಗೆ ದುಂಡಗೆ ಕೊರೆದಿದ್ದೆ. ಟೋಪಿ ಹಣೆ ಹತ್ತಿರ ಒತ್ತುತ್ತಿತ್ತು, ಕಿವಿಗಳ ಮೇಲೆ ಸಡಿಲ. ತಲೆ ಮೊಟ್ಟೆ ಆಕಾರ ತಾನೇ! ಅದೇ ಸುತ್ತಳತೆಗೆ ಉದ್ದ 20, ಅಗಲ 17 ಸೆಂ.ಮೀ. ಇಟ್ಟು ಮತ್ತೆ ಕೊರೆದೆ, ಸರಿಹೋಯಿತು. ಫೆಲ್ಟ್ ಮೆತ್ತಗೆ ಮಾಡುವ ಹಬೆಗೆ ಸುಮ್ನೆ ಕೆಟಲ್ ಸಾಕು. ಅದು ಬಿಸಿಯಾಗಿ ಮೆತ್ತಗಿರುವಾಗಲೇ ಅಚ್ಚಿನ ಮೇಲೆ ಎಳೆದು, ಅಂಚಿನ ಗೆರೆಯಲ್ಲಿ ಹುರಿ ಬಿಗಿದು ಕಟ್ಟಿ. ಪೂರ್ತಿ ಒಣಗುವವರೆಗೆ ಬಿಚ್ಚಬೇಡಿ.