ಸಾಲಕ್ಕೆ ಮೂರು ಜನ, ಇಎಂಐ ಕಟ್ಟೋಕೆ ಒಬ್ಬ

ಫ್ಲ್ಯಾಟ್ ಇಷ್ಟ ಆಗೋಕೆ ಎಷ್ಟು ಹೊತ್ತು ಬೇಕ್ರೀ. ಬಾಲ್ಕನೀಲಿ ನಿಂತ್ರೆ ಗಾಳಿ ಬಂತು, ಎದುರಿಗೆ ಹೊಂಗೆ ಮರ ಇತ್ತು, ನನ್ನಾಕೆ ಅಡುಗೆಮನೆ ನಲ್ಲಿ ತಿರುಗಿಸಿ ಕಾವೇರಿನಾ ಬೋರ್‌ವೆಲ್ಲಾ ಅಂದ್ಲು, ಎರಡೂ ಇದೆ ಮೇಡಂ ಅಂದ ಬ್ರೋಕರ್, ಮುಗೀತು ಕಥೆ. ಬೆಂಗಳೂರಿನ ಉತ್ತರಹಳ್ಳಿ ಕಡೆ, ರೀಸೇಲು, 65 ಲಕ್ಷ. ನಾನ್ಯಾರು ಅನ್ನೋ ಪ್ರಶ್ನೆ ಶುರುವಾಗಿದ್ದು ಆಮೇಲೆ.

ಆಧ್ಯಾತ್ಮ ಏನಲ್ಲ, ಬ್ಯಾಂಕಿನವರು ಕೇಳಿದ್ದು. ಆಧಾರಲ್ಲಿ ನಾನು ಮಂಜುನಾಥ್ ಕೆ ಆರ್. ಪ್ಯಾನ್ ಕಾರ್ಡಿಗೆ ಇನಿಷಿಯಲ್ ನಡೆಯಲ್ಲ ಅಂತ ಯಾವ ಕಾಲದಲ್ಲೋ ಏಜೆಂಟ್ ಒಬ್ಬ ಅದನ್ನ ಬಿಡಿಸಿ ಬರ್ದಿದ್ದ, ಹಂಗಾಗಿ ಅಲ್ಲಿ ಮಂಜುನಾಥ್ ರಂಗಪ್ಪ ಕಡೂರು, ಅಂದ್ರೆ ನಮ್ಮೂರೇ ನನ್ನ ಸರ್‌ನೇಮು. ಸ್ಯಾಲರಿ ಸ್ಲಿಪ್ಪಲ್ಲಿ ಬರೀ ಮಂಜುನಾಥ, ಕೊನೇಲಿ ಇಂಗ್ಲಿಷಿನ ಒಂದು ಎ ಜಾಸ್ತಿ. ಬ್ಯಾಂಕಿನ ಹುಡುಗಿ ವೆರಿಫಿಕೇಶನ್‌ಗೆ ಅಂತ ಮನೆಗೆ ಫೋನ್ ಮಾಡಿ "ಮಿಸ್ಟರ್ ಕಡೂರ್ ಇದಾರಾ" ಅಂತ ಕೇಳಿದಾಳೆ, ಅಮ್ಮ "ಕಡೂರಲ್ಲಿಲ್ಲ ಕಣಮ್ಮ, ಇಲ್ಲೇ ಬೆಂಗಳೂರಲ್ಲೇ ಇದಾನೆ" ಅಂತ ಹೇಳಿ ಇಟ್ಟಿದಾರೆ. ಫೈಲಿಗೆ ಏನು ಬರ್ಕೊಂಡ್ರೋ ದೇವರೇ ಬಲ್ಲ. ಕೊನೆಗೆ ಸ್ಟಾಂಪ್ ಪೇಪರ್ ಮೇಲೆ ಅಫಿಡವಿಟ್ಟು, ಈ ಮೇಲ್ಕಂಡ ಮೂವರೂ ಒಬ್ಬನೇ ವ್ಯಕ್ತಿ ಅಂತ. ನೋಟರಿ ಸೀಲ್ ಒತ್ತೋಕೆ ಮುಂಚೆ ಕನ್ನಡಕದ ಮೇಲಿಂದ ನನ್ನನ್ನೊಮ್ಮೆ ನೋಡಿದ್ರು, ನನಗೇ ಡೌಟ್ ಬಂತು.

ಇನ್ನು ದುಡ್ಡಿನ ಕಥೆ. ಆರ್‌ಬಿಐ ನಿಯಮದ ಪ್ರಕಾರ 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕಿನವರು ಮನೆ ಬೆಲೇಲಿ 80 ಪರ್ಸೆಂಟ್ ದಾಟಿ ಕೊಡೋ ಹಂಗಿಲ್ಲ, ಆ ಬೆಲೆಗೆ ರಿಜಿಸ್ಟ್ರೇಷನ್ ಖರ್ಚು ಸೇರಿಸೋ ಹಂಗೂ ಇಲ್ಲ. ಸ್ಟಾಂಪ್ ಡ್ಯೂಟಿ 5 ಪರ್ಸೆಂಟು, ಅದರ ಬೆನ್ನಿಗೆ ಸೆಸ್ಸು ಸರ್‌ಚಾರ್ಜು, ರಿಜಿಸ್ಟ್ರೇಷನ್ ಫೀಸು 2 ಪರ್ಸೆಂಟು. ಈ ಫೀಸು 2025ರ ಆಗಸ್ಟ್ ಕೊನೇವರೆಗೂ 1 ಪರ್ಸೆಂಟೇ ಇತ್ತು, ನಾವು ಒಳ್ಳೆ ಮುಹೂರ್ತಕ್ಕೆ ಅಂತ ಆಷಾಢ ಕಳೀಲಿ ಪಿತೃಪಕ್ಷ ಕಳೀಲಿ ಅಂತ ಕಾದ್ವಿ, ಅಷ್ಟರಲ್ಲಿ ಸರ್ಕಾರದವರ ಮುಹೂರ್ತ ಆಗೋಗಿತ್ತು. ಒಟ್ಟು ಹತ್ರ ಹತ್ರ 5 ಲಕ್ಷ, ಸಾಲ 50 ಲಕ್ಷ ಅಂದ್ರೆ ಕೈಯಿಂದ 20 ಲಕ್ಷ. ಬ್ರೋಕರ್ ಕಮಿಷನ್ನು ಬೇರೆ.

ಮನೆ ಮಾರ್ತಿದ್ದವರು ರಿಟೈರಾದ ಅಂಕಲ್ಲು, ಬಹಳ ಒಳ್ಳೆಯವರು, ಹೋದಾಗೆಲ್ಲ ಕಾಫಿ ಕೊಡೋರು. 50 ಲಕ್ಷ ಮತ್ತದರ ಮೇಲಿನ ಆಸ್ತಿ ತಗೊಂಡ್ರೆ ಕೊಳ್ಳೋನು 1 ಪರ್ಸೆಂಟ್ ಟಿಡಿಎಸ್, ಅಂದ್ರೆ ಮಾರೋರ ಲೆಕ್ಕದ ಆದಾಯ ತೆರಿಗೆ, ಹಿಡ್ಕೊಂಡು ಸರ್ಕಾರಕ್ಕೆ ಕಟ್ಟಬೇಕು, ಅಂದ್ರೆ 65 ಸಾವಿರ. ಅದನ್ನ ಹೇಳಿದ ದಿನದಿಂದ ಕಾಫಿ ಬಂದ್. "ನನ್ನ ದುಡ್ಡನ್ನ ನೀವ್ಯಾಕ್ರೀ ಹಿಡ್ಕೊಳ್ತೀರಾ" ಅಂತ ಹಠ ಹಿಡಿದ್ರು, ನಾನು ಹಿಡ್ಕೊಳ್ತಿಲ್ಲ ಸಾರ್, ನಿಮ್ಮ ಪ್ಯಾನ್ ನಂಬರಿಗೇ ಜಮಾ ಆಗತ್ತೆ ಅಂತ ಅವರ ಮಗನಿಗೆ, ಸೊಸೆಗೆ, ಕೊನೆಗೆ ಅವರ ವಾಕಿಂಗ್ ಫ್ರೆಂಡಿಗೂ ವಿವರಿಸಿದ್ದಾಯ್ತು. ಆ ಫ್ರೆಂಡು ರಿಟೈರ್ಡ್ ಆಡಿಟರ್ ಆಗಿದ್ದಕ್ಕೆ ಬಚಾವು.

ಬಡ್ಡಿ ಒಂದೇ ಸಮ ಇರೋ ಫಿಕ್ಸೆಡ್ಡಾ, ಏರಿಳಿಯೋ ಫ್ಲೋಟಿಂಗಾ ಅನ್ನೋ ಚರ್ಚೆ ಆಫೀಸಲ್ಲಿ ನಡೀತು. ನಮ್ಮ ಕಲೀಗ್ ಒಬ್ರು 2020ರಲ್ಲಿ ರೆಪೋ ರೇಟ್, ಅಂದ್ರೆ ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡೋ ಬಡ್ಡಿ, 4 ಪರ್ಸೆಂಟ್ ಇದ್ದಾಗ ಸಾಲ ತಗೊಂಡು ಎಲ್ಲರಿಗೂ ಜಾಮೂನ್ ಹಂಚಿದ್ರು. 2023ರ ಫೆಬ್ರವರಿಗೆ ಅದು 6.5 ಆಯ್ತು, ಆದ್ರೂ ನನ್ನ ಇಎಂಐ ಒಂದ್ರೂಪಾಯಿ ಏರಿಲ್ಲ ನೋಡ್ರೀ ಅಂತ ಮೀಸೆ ತಿರುವ್ತಿದ್ರು, ಒಂದಿನ ಸ್ಟೇಟ್‌ಮೆಂಟ್ ತೆಗೆದು ನೋಡಿದ್ರೆ ಏರಿದ್ದು ವರ್ಷಗಳು, ಅವರು ರಿಟೈರಾದ ಮೇಲೂ ಸಾಲ ಮಾತ್ರ ಸರ್ವಿಸಲ್ಲಿರತ್ತೆ. ಹೀಗೆ ಹೇಳದೇ ಕೇಳದೇ ಎಳೀಬೇಡಿ, ಇಎಂಐ ಏರಿಸ್ಬೇಕೋ ವರ್ಷ ಏರಿಸ್ಬೇಕೋ ಗ್ರಾಹಕರನ್ನೇ ಕೇಳಿ ಅಂತ ಆರ್‌ಬಿಐ 2023ರ ಆಗಸ್ಟಲ್ಲಿ ಬ್ಯಾಂಕುಗಳಿಗೆ ಹೇಳಿತು. ನಾನೂ ಫ್ಲೋಟಿಂಗೇ ತಗೊಂಡೆ, ಯಾಕಂದ್ರೆ ಕೈಲಿ ದುಡ್ಡು ಬಂದಾಗ ಮುಂಚೆನೇ ಕಟ್ಟಿದ್ರೆ ದಂಡ ಇಲ್ಲ. ಕೈಲಿ ದುಡ್ಡು ಎಲ್ಲಿಂದ ಬರತ್ತೆ ಅಂತ ನನ್ನಾಕೆ ಕೇಳಿದ್ದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ.

ನಮ್ಮಪ್ಪ ರಿಟೈರ್ಡ್ ಲೆಕ್ಕದ ಮೇಷ್ಟ್ರು. 50 ಲಕ್ಷಕ್ಕೆ 8 ಪರ್ಸೆಂಟ್, 20 ವರ್ಷ, ತಿಂಗಳಿಗೆ 41,822 ಅಂತ ಬ್ಯಾಂಕಿನ ಚೀಟಿ ನೋಡಿದ್ರು, ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಗುಣಿಸಿದ್ರು, ಒಂದು ಕೋಟಿ ದಾಟ್ತು, ಇನ್ನೊಂದ್ಸಲ ಗುಣಿಸಿದ್ರು, ಆಗಲೂ ದಾಟ್ತು. "ಲೋ, ಇದು ಎರಡು ಮನೆ ದುಡ್ಡು ಕಣೋ" ಅಂದ್ರು. ಹ್ಞೂಂ ಅಪ್ಪ, ಒಂದು ನಮಗೆ ಒಂದು ಬ್ಯಾಂಕಿಗೆ ಅಂದೆ. ನಗಲಿಲ್ಲ.

ಮೊದಲನೇ ಇಎಂಐ ಕಟ್ ಆದ ದಿನ ಮತ್ತೆ ಪೆನ್ಸಿಲ್ ತಗೊಂಡ್ರು. 33,333 ಬಡ್ಡಿಗೇ ಹೋಯ್ತು, ಅಸಲಿಗೆ ಬಿದ್ದಿದ್ದು 8,489. ಮನೆ 1,100 ಚದರಡಿ ಅಂತ ಪತ್ರದಲ್ಲಿದೆ, ಅಡಿಗೆ 5,900 ಚಿಲ್ರೆ ಬೀಳತ್ತೆ, ಭಾಗಿಸಿದ್ರು. "ಈ ತಿಂಗಳು ನಮ್ಮದಾಗಿದ್ದು ಒಂದೂವರೆ ಅಡಿಗೂ ಕಮ್ಮಿ" ಅಂತ ಘೋಷಣೆ ಮಾಡಿದ್ರು.

"ಸರಿ ಬಿಡಿ, ಕಾಲೊರೆಸೋ ಮ್ಯಾಟಿನ ಜಾಗ ಆಯ್ತಲ್ಲ" ಅಂದ್ರು ಅಮ್ಮ, "ಮುಂದಿನ ತಿಂಗಳದ್ದು ಗ್ಯಾಸ್ ಸ್ಟವ್ ಹತ್ರ ತಗೊಳ್ಳಿ."