ಚಿನ್ನದ ಕಾಳು ಎಲ್ಲರಿಗೂ ಬೇಕಿಲ್ಲ: ಒಂದು ಸ್ಪಷ್ಟನೆ

‘ಶ್ವಾಸಕೋಶದ ಗಡ್ಡೆಗೆ ರೇಡಿಯೇಷನ್ ಕೊಡುವಾಗ ಸೂಜಿಯಿಂದ ಚಿನ್ನದ ಕಾಳು ಇಡಲೇಬೇಕು, ಇಲ್ಲದಿದ್ದರೆ ಗುರಿ ತಪ್ಪುತ್ತದೆ’ ಎಂಬ ಮೆಸೇಜು ರಾಯಚೂರಿನ ನಮ್ಮ ಓಣಿಯ ಗ್ರೂಪಿನಲ್ಲಿ ಓಡಾಡುತ್ತಿದೆ. ಚಿನ್ನದ ಕಾಳು ಅಂದರೆ ಗಡ್ಡೆ ಎಲ್ಲಿದೆ ಎಂದು ಎಕ್ಸ್‌ರೇಯಲ್ಲಿ ಕಾಣಲು ಒಳಗೆ ಇಡುವ ಪುಟ್ಟ ಗುರುತು. ಸುಮ್ನೆ ಹೆದರಬೇಡಿ, ಆ ಮೆಸೇಜು ಅರ್ಧ ಸತ್ಯ.

ಉಸಿರಾಡಿದಾಗ ಗಡ್ಡೆ ಅಲುಗುವುದು ನಿಜ. ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಹತ್ತಿರ ಇದ್ದರೆ 1 ಸೆಂಟಿಮೀಟರಿಗಿಂತ ಜಾಸ್ತಿಯೂ ಸರಿಯಬಹುದು. ಅದಕ್ಕೇ ಮೊದಲು ಫೋರ್‌ಡಿ ಸಿಟಿ ಸ್ಕ್ಯಾನ್‌ನಲ್ಲಿ (ಉಸಿರಾಟದ ಬೇರೆ ಬೇರೆ ಹಂತಗಳ ಚಿತ್ರ ತೆಗೆಯುವ ಸ್ಕ್ಯಾನ್) ಗಡ್ಡೆಯ ಓಡಾಟ ನೋಡಿಕೊಳ್ಳುತ್ತಾರೆ. ಆಮೇಲೆ ಹೊಟ್ಟೆಯ ಮೇಲೆ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಇಡುತ್ತಾರೆ. ಅದು ಏರಿಳಿಯುವುದನ್ನು ಕ್ಯಾಮೆರಾ ಗಮನಿಸುತ್ತದೆ. ಕೆಲವೆಡೆ ಡಬ್ಬಿಯೂ ಇಲ್ಲ, ಚರ್ಮದ ಮೇಲೆ ಬರೀ ಬೆಳಕು. ಉಸಿರು ಗೊತ್ತುಮಾಡಿದ ಹಂತದಲ್ಲಿದ್ದರೆ ಮಾತ್ರ ಕಿರಣ, ಆಚೀಚೆ ಆದರೆ ಬಂದ್. ಚುಚ್ಚುವುದೇ ಇಲ್ಲ.

ಹಾಗಂತ ಚಿನ್ನದ ಕಾಳು ಸುಳ್ಳಲ್ಲ. ಚರ್ಮದ ಚಲನೆಗೂ ಒಳಗಿನ ಗಡ್ಡೆಗೂ ಯಾವಾಗಲೂ ತಾಳೆಯಾಗುವುದಿಲ್ಲ ಅಲ್ವಾ? ಲಿವರ್, ಪ್ರಾಸ್ಟೇಟ್ ಗಡ್ಡೆಗಳಿಗೆ ಕೆಲವೊಮ್ಮೆ ಅದನ್ನು ಇಡುತ್ತಾರೆ.